ನಿಮಗಿದು ಗೊತ್ತೇ? ಕಣಜದ ಗೂಡಿಗೆ ಕಣಜವೇ ಹೊತ್ತೊಯ್ಯುವ ವಿಷದ ತುತ್ತು

ಕನ್ನಡದಲ್ಲಿ ಕಣಜ ಎಂದರೆ ಎರಡು. ಒಂದರಲ್ಲಿ ಅಜ್ಜಂದಿರು ಭತ್ತ, ರಾಗಿ ತುಂಬಿಡುತ್ತಿದ್ದರು. ಇನ್ನೊಂದು ನಡು ಸಣ್ಣಗಿರುವ, ಹಳದಿ-ಕಪ್ಪು ಪಟ್ಟೆಯ, ಕೆಣಕಿದರೆ ಅಟ್ಟಿಸಿಕೊಂಡು ಬರುವ ಹುಳ. ಕೆಲವು ಸೀಮೆಯಲ್ಲಿ ಇದನ್ನೇ ಕಡಜ ಎನ್ನುತ್ತಾರೆ. ಈ ಸಲದ ಅಂಕಣ ಪೂರ್ತಿ ಈ ಎರಡನೆಯ ಕಣಜಕ್ಕೆ ಮೀಸಲು. ಅದರಲ್ಲೂ ಒಂದು ಕಾಡನ್ನೇ ಬರಿದು ಮಾಡುತ್ತಿದ್ದ ಕಣಜಗಳನ್ನು ಒಂದೊಂದು ಚಮಚ ವಿಷದ ತುತ್ತಿನಿಂದ ತಡೆದ ಕಥೆಗೆ.

ನ್ಯೂಜಿಲೆಂಡ್‌ಗೆ ಕಣಜ ಬಂದದ್ದು ವಿಮಾನದ ಬಿಡಿಭಾಗಗಳ ಜೊತೆ. ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ ಯುರೋಪಿನಿಂದ ಬಂದ ಮರದ ಪೆಟ್ಟಿಗೆಗಳು ಹ್ಯಾಮಿಲ್ಟನ್ ಊರಿನ ಬಳಿ ಇಳಿದವು. ಪೆಟ್ಟಿಗೆಯ ಸಂದಿಯಲ್ಲಿ ಜರ್ಮನ್ ಕಣಜದ ರಾಣಿಗಳು ಚಳಿಗಾಲದ ನಿದ್ದೆಯಲ್ಲಿದ್ದವು. ಗೂಡು ಕಟ್ಟಿ ಸಾವಿರಾರು ಮಂದಿ ಒಟ್ಟಾಗಿ ಬದುಕುವ ಕಣಜ ಆ ದ್ವೀಪಗಳಲ್ಲಿ ಅಲ್ಲಿಯವರೆಗೆ ಇರಲೇ ಇಲ್ಲ. ಅಲ್ಲಿನ ಹಕ್ಕಿಗಾಗಲಿ ಜೇಡಕ್ಕಾಗಲಿ ಇಂಥ ಶತ್ರುವಿನ ಪರಿಚಯವಿರಲಿಲ್ಲ.

ರಾಣಿ ಕಣಜ ಹಿಡಿದು ಕೊಟ್ಟರೆ ಮೂರು ಪೆನ್ನಿ! 1948ರಲ್ಲಿ ಅಲ್ಲಿನ ಸರ್ಕಾರ ಹೀಗೊಂದು ಇನಾಮು ಸಾರಿತು. ಮಕ್ಕಳು ಮರಿಗಳೆಲ್ಲ ಸೌದೆ ರಾಶಿ, ತೊಗಟೆ, ಕೊಟ್ಟಿಗೆಯ ಮೂಲೆ ಜಾಲಾಡಿದರು. ಕೆಲವೇ ತಿಂಗಳಲ್ಲಿ ಕೈಗೆ ಬಂದದ್ದು ಸುಮಾರು 1,18,000 ರಾಣಿಗಳು. ಮುಂದಿನ ಬೇಸಿಗೆಯಲ್ಲಿ ಕಣಜ ಕಡಿಮೆಯಾಯಿತೇ? ಇಲ್ಲ. ಚಳಿಗಾಲ ದಾಟಿ ಗೂಡು ಕಟ್ಟುವಷ್ಟರಲ್ಲಿ ರಾಣಿಗಳಲ್ಲಿ ಹೆಚ್ಚಿನವು ಹೇಗೂ ಸಾಯುತ್ತವೆ, ತಮ್ಮತಮ್ಮಲ್ಲೇ ಕಾದಾಡಿಯೂ ಸಾಯುತ್ತವೆ. ಜನ ಹಿಡಿದ ರಾಣಿಗಳ ಜಾಗವನ್ನು ಉಳಿದ ರಾಣಿಗಳು ತುಂಬಿದವು, ಅಷ್ಟೆ.

ಅದರ ಮರುವರ್ಷ, 1949ರ ಏಪ್ರಿಲ್ 1ರ ಬೆಳಿಗ್ಗೆ, ಆಕ್ಲೆಂಡಿನ ರೇಡಿಯೊದಲ್ಲಿ ಫಿಲ್ ಶೋನ್ ಎಂಬ ಉದ್ಘೋಷಕ ಒಂದು ಸುದ್ದಿ ಓದಿದ: ಮೈಲಿಯಗಲದ ಕಣಜದ ದಂಡು ಊರಿನತ್ತ ಬರುತ್ತಿದೆ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಿ, ಬಾಗಿಲ ಹೊರಗೆ ಜೇನು ಸವರಿದ ಬೋನು ಇಡಿ. ಜನ ನಂಬಿ ಹಾಗೇ ಮಾಡಿದರು. ಏಪ್ರಿಲ್ ಫೂಲ್ ಎಂದು ತಿಳಿದದ್ದು ಆಮೇಲೆ. ಕಣಜದ ಹೆದರಿಕೆ ಆಗಲೇ ಎಷ್ಟು ಬೇರೂರಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಜಗತ್ತಿನ ಅತಿ ದೊಡ್ಡ ಕಣಜದ ಗೂಡಿನ ದಾಖಲೆಯೂ ಅಲ್ಲಿಯದೇ. 1963ರಲ್ಲಿ ವೈಮೌಕು ಎಂಬಲ್ಲಿನ ಹೊಲದಲ್ಲಿ ಕಂಡ ಗೂಡು 3.7 ಮೀಟರ್ ಉದ್ದವಿತ್ತು. ಮರದಲ್ಲಿ ನೇತಾಡುತ್ತಿದ್ದದ್ದು ತನ್ನದೇ ಭಾರಕ್ಕೆ ಕಳಚಿ ಬಿದ್ದು ಎರಡು ಹೋಳಾಯಿತು. ಯುರೋಪಿನಲ್ಲಿ ಚಳಿ ಬಂದರೆ ಗೂಡು ಸಾಯುತ್ತದೆ, ಹೊಸ ರಾಣಿಗಳಷ್ಟೇ ಉಳಿಯುತ್ತವೆ. ನ್ಯೂಜಿಲೆಂಡಿನ ಚಳಿ ಅಷ್ಟು ಕಟುವಲ್ಲ. ಅಲ್ಲಿ ಕೆಲವು ಗೂಡುಗಳು ಚಳಿಗಾಲ ದಾಟಿ ಎರಡನೇ ವರ್ಷವೂ ಬೆಳೆಯುತ್ತವೆ.

ಮರದ ತೊಗಟೆಯಿಂದ ಬಿಳಿ ಕೂದಲು, ಅದರ ತುದಿಯಲ್ಲಿ ಒಂದು ಸಿಹಿ ಹನಿ. ಇದು ಎಲ್ಲಿ?

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಉತ್ತರ ಭಾಗದಲ್ಲಿ ಬೀಚ್ ಮರಗಳ ದೊಡ್ಡ ಕಾಡುಗಳಿವೆ. ಕಾಡಿಗೆ ಕಾಲಿಟ್ಟರೆ ಮರಗಳೆಲ್ಲ ಬೆಂಕಿ ತಾಗಿದಂತೆ ಕಪ್ಪು. ಬೆಂಕಿಯಲ್ಲ, ಬೂಷ್ಟು. ಹತ್ತಿರ ಹೋದರೆ ಕಪ್ಪು ತೊಗಟೆಯಿಂದ ಕೂದಲಿನಷ್ಟು ತೆಳ್ಳಗಿನ ಮೇಣದ ಎಳೆಗಳು ಹೊರಗೆ ಚಾಚಿಕೊಂಡಿರುತ್ತವೆ. ಒಂದೊಂದರ ತುದಿಯಲ್ಲೂ ಸಾಸಿವೆ ಕಾಳಿನಷ್ಟು ಪಾರದರ್ಶಕ ಹನಿ. ಬೆರಳಿಗೆ ತಾಗಿಸಿ ನಾಲಿಗೆಗೆ ಇಟ್ಟರೆ ಸಿಹಿ.

ತೊಗಟೆಯೊಳಗೆ ಒಂದು ಜಾತಿಯ ಶಲ್ಕ ಕೀಟ ಹುದುಗಿ ಕೂತು ಮರದ ರಸ ಹೀರುತ್ತದೆ. ಬೇಡದ ಸಕ್ಕರೆ ನೀರನ್ನು ಆ ಎಳೆಯ ಮೂಲಕ ಹೊರಗೆ ಹಾಕುತ್ತದೆ. ನಮ್ಮ ಮಾವಿನ ತೋಪಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಹೂಬಿಟ್ಟ ಮಾವಿಗೆ ಜಿಗಿಹುಳು ಬಿದ್ದಾಗ ಎಲೆಯೆಲ್ಲ ಅಂಟಂಟಾಗಿ, ಆಮೇಲೆ ಕಪ್ಪು ಬೂಷ್ಟು ಕೂರುವುದಿಲ್ಲವೇ? ಅದೇ ಬಗೆ. ನಮಗೆ ಅದು ರೋಗದ ಗುರುತು, ಆ ಕಾಡಿಗೆ ಅನ್ನ. ಟೂಯಿ, ಬೆಲ್‌ಬರ್ಡ್ ಹಕ್ಕಿಗಳು, ಕಾಕಾ ಗಿಳಿಗಳು, ಹಲ್ಲಿಗಳು, ಕೀಟಗಳು ಆ ಹನಿ ನೆಕ್ಕಿ ಬದುಕುತ್ತವೆ. ಇಂಥ ಕಾಡು ಸುಮಾರು 10 ಲಕ್ಷ ಹೆಕ್ಟೇರ್ ಇದೆ. ಜೇನುನೊಣಗಳೂ ಈ ಹನಿ ಕೂಡಿಡುತ್ತವೆ. ಗಾಢ ಬಣ್ಣದ ಆ ಜೇನುತುಪ್ಪವನ್ನು ಯುರೋಪಿನವರು ಆಸೆಪಟ್ಟು ಕೊಳ್ಳುತ್ತಾರೆ.

1970ರ ದಶಕದ ಕೊನೆಗೆ ಯುರೋಪಿನ ಇನ್ನೊಂದು ಕಣಜ, ‘ಸಾಮಾನ್ಯ ಕಣಜ’ ಎಂಬ ಹೆಸರಿನದು, ಅಲ್ಲಿ ನೆಲೆಯೂರಿತು. ಬೀಚ್ ಕಾಡು ಹೊಕ್ಕು ಜರ್ಮನ್ ಕಣಜವನ್ನೇ ಹಿಂದೆ ತಳ್ಳಿತು. ಬೇಸಿಗೆಯ ನಡುವಿನಿಂದ ಶರತ್ಕಾಲದವರೆಗೆ ಆ ಸಿಹಿ ಹನಿಯ ನೂರರಲ್ಲಿ 90 ಪಾಲಿಗಿಂತ ಹೆಚ್ಚು ಕಣಜದ ಹೊಟ್ಟೆಗೆ. ಎಳೆಗಳಿರುತ್ತವೆ, ತುದಿಯಲ್ಲಿ ಹನಿ ಇರುವುದಿಲ್ಲ.

ಅಲ್ಲಿ ಹೆಕ್ಟೇರಿಗೆ ಸರಾಸರಿ 12 ಗೂಡು. ನಮ್ಮ ಲೆಕ್ಕದಲ್ಲಿ ಎಕರೆಗೆ ಐದು. ಒಂದೊಂದರಲ್ಲೂ ಸಾವಿರಾರು ಕಣಜ.

ತೂಕದಲ್ಲಿ ಹಕ್ಕಿಗಳನ್ನೂ ಮೀರಿಸಿದವು! ವಿಜ್ಞಾನಿಗಳು ಹೆಕ್ಟೇರಿಗೆ ಇರುವ ಕಣಜಗಳನ್ನೆಲ್ಲ ತೂಗಿ ಲೆಕ್ಕ ಹಾಕಿದರು. ಕಣಜದ ಋತು ಏರಿದಾಗ ಬಂದದ್ದು ಸುಮಾರು 3.8 ಕಿಲೊ. ಅದೇ ಹೆಕ್ಟೇರಿನ ಹಕ್ಕಿಗಳ ತೂಕಕ್ಕೆ ಇಲಿ, ಸ್ಟೋಟ್ ಎಂಬ ಮುಂಗುಸಿಯಂಥ ಪ್ರಾಣಿಯ ತೂಕ ಸೇರಿಸಿದರೂ ಅದನ್ನು ಮೀರುತ್ತಿರಲಿಲ್ಲ.

ಬಲೆ ನೇಯುವ ಜೇಡಗಳನ್ನು ಕಾಡಿನಲ್ಲಿ ಬಿಟ್ಟು ಕಾದು ನೋಡಿದವರೂ ಇದ್ದಾರೆ. ಕಣಜದ ಋತು ಮುಗಿಯುವವರೆಗೆ ಒಂದು ಜೇಡ ಬದುಕುಳಿಯುವ ಸಾಧ್ಯತೆ ಹೆಚ್ಚುಕಡಿಮೆ ಸೊನ್ನೆ. ಕಂಬಳಿಹುಳುಗಳ ಪಾಡೂ ಅಷ್ಟೇ. ಕಣ್ಣು ಬಿಡದ ಹಕ್ಕಿಮರಿಗಳನ್ನು ಗೂಡಿನಲ್ಲೇ ಕೊಂದದ್ದನ್ನು ಕಂಡವರಿದ್ದಾರೆ. ಇದನ್ನು ಓದಿದಾಗ ನನಗೆ ಸಂಕಟವಾಯಿತು. ಹಾಗೆಂದು ಕಣಜವನ್ನು ದುಷ್ಟ ಎನ್ನಲು ಮನಸ್ಸು ಬಾರದು. ಅದು ತನ್ನ ಮರಿಗಳಿಗೆ ಊಟ ತರುತ್ತಿದೆ, ಅಷ್ಟೆ. ತಪ್ಪು ಜಾಗಕ್ಕೆ ಅದನ್ನು ತಂದು ಬಿಟ್ಟವರು ಮನುಷ್ಯರು.

ದೊಡ್ಡ ಕಣಜ ಮಾಂಸ ತಿನ್ನುವುದೇ ಇಲ್ಲ ಎಂದರೆ ನಂಬುತ್ತೀರಾ?

ಕರಾವಳಿಯಲ್ಲಿ ಮೀನು ಕೊಯ್ಯುವ ಕಲ್ಲಿನ ಬಳಿ ಒಮ್ಮೆ ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಂಗುಡೆಯ ತುಂಡಿನ ಮೇಲೆ ಒಂದು ಕಣಜ ಬಂದು ಕೂತಿತು. ಮುಂಗಾಲಿನಲ್ಲಿ ಹಿಡಿದು, ದವಡೆಯನ್ನು ಕತ್ತರಿಯಂತೆ ಆಡಿಸುತ್ತ, ಅಂಚಿನಿಂದ ಒಂದು ಚೂರು ಬಿಡಿಸಿಕೊಂಡಿತು. ಅಲ್ಲೇ ಅದನ್ನು ಹೊರಳಿಸಿ ಹೊರಳಿಸಿ ಮೆಣಸಿನ ಕಾಳಿನಷ್ಟು ಉಂಡೆ ಮಾಡಿತು. ಭಾರಕ್ಕೆ ಒಮ್ಮೆ ಕೆಳಗೆ ಜಗ್ಗಿ, ಸಾವರಿಸಿಕೊಂಡು, ಹಾರಿತು. ಐದು ನಿಮಿಷಕ್ಕೆ ಮತ್ತೆ ಬಂತು. ಮೀನು ಕೊಯ್ಯುವಾಕೆ ಅದನ್ನು ಓಡಿಸಲಿಲ್ಲ. “ಅದ್ರ ಪಾಲು ಅದಕ್ಕೆ” ಎಂದರು.

ಅದರ ಪಾಲು ಎಂದರೆ ನಿಜದಲ್ಲಿ ಮರಿಗಳ ಪಾಲು. ದೊಡ್ಡ ಕಣಜದ ನಡು ದಾರದಷ್ಟು ಸಣ್ಣ. ಗಟ್ಟಿ ಆಹಾರ ಆ ದಾರಿಯಲ್ಲಿ ಇಳಿಯದು. ಅದಕ್ಕೆ ಬೇಕಾದ್ದು ಸಿಹಿ ನೀರು, ರಸ. ಮಾಂಸವೆಲ್ಲ ಗೂಡಿನ ಮರಿಹುಳುಗಳಿಗೆ. ತಿಂದ ಮರಿಹುಳು ಬಾಯಿಂದ ಒಂದು ತೊಟ್ಟು ಪೌಷ್ಟಿಕ ರಸ ವಾಪಸು ಕೊಡುತ್ತದೆ. ಅದನ್ನು ದೊಡ್ಡ ಕಣಜ ಕುಡಿಯುತ್ತದೆ, ಇನ್ನೊಂದಕ್ಕೆ ಹಂಚುತ್ತದೆ. ಬಾಯಿಂದ ಬಾಯಿಗೆ, ಕೊನೆಗೆ ರಾಣಿಗೂ. ಇಡೀ ಗೂಡಿಗೆ ಒಂದೇ ಹೊಟ್ಟೆ ಇದ್ದಂತೆ.

ವಿಷದ ತುತ್ತು ಕೆಲಸ ಮಾಡುವುದು ಈ ಒಂದು ಗುಣದ ಮೇಲೆ. ಗೂಡು ನೆಲದೊಳಗೆ, ಬೇರಿನ ಸಂದಿಯಲ್ಲಿ ಎಲ್ಲಿದೆಯೋ ಹುಡುಕಬೇಕಿಲ್ಲ. ಮೊದಲು ಒಂದೊಂದೇ ತೂತು ಹುಡುಕಿ ಪುಡಿ ಊದುತ್ತಿದ್ದರು. ಸಾವಿರಾರು ಹೆಕ್ಟೇರ್ ಕಾಡಿನಲ್ಲಿ ಅದು ಆಗುವ ಮಾತಲ್ಲ. ಈಗ ದಾರಿ ಗೊತ್ತಿರುವ ಕಣಜವೇ ತುತ್ತನ್ನು ಮನೆಗೆ ತಲುಪಿಸುತ್ತದೆ.

ಜೋರು ವಿಷ ಹಾಕಿದರೆ ಬೇಗ ಮುಗಿಯುತ್ತದಲ್ಲ? ಇಲ್ಲ, ಕೆಲಸವೇ ಕೆಡುತ್ತದೆ. ತುತ್ತು ಹಿಡಿದ ಕಣಜ ದಾರಿಯಲ್ಲೇ ಸತ್ತರೆ ಸತ್ತದ್ದು ಒಂದೇ. ಅದು ಗೂಡು ಸೇರಬೇಕು, ಹಂಚಬೇಕು, ಮತ್ತೆ ಬರಬೇಕು. ಆದ್ದರಿಂದ ವಿಷ ನಿಧಾನದ್ದಾಗಿರಬೇಕು. ಇಲಿಗೆ ಬ್ರೊಮಾಡಿಯೊಲೋನ್ ಇಡುವ ರೈತರಿಗೆ ಈ ಗುಟ್ಟು ಗೊತ್ತು: ತಿಂದ ಜಾಗದಲ್ಲೇ ಇಲಿ ಸಾಯಬಾರದು.

ಕಣಜದ ತುತ್ತಿನಲ್ಲಿರುವುದು ಫಿಪ್ರೊನಿಲ್, 0.1 ಪ್ರತಿಶತ. ಕಿಲೊಗೆ ಒಂದು ಗ್ರಾಂ. ನರಗಳಿಗೆ ‘ಸಾಕು, ನಿಲ್ಲು’ ಎನ್ನುವ ಸಂಕೇತ ಹೋಗುವ ಬಾಗಿಲನ್ನು ಇದು ಮುಚ್ಚುತ್ತದೆ. ನರ ಮಿಡಿಯುತ್ತಲೇ ಹೋಗಿ ಕೀಟ ಸೆಟೆದು ಸಾಯುತ್ತದೆ. ಒಂದೆರಡು ದಿನದಲ್ಲಿ ಗೂಡಿನ ಬಾಯಲ್ಲಿ ಓಡಾಟ ನಿಲ್ಲುತ್ತದೆ.

ಈ ಫಿಪ್ರೊನಿಲ್ ನಿಮಗೆ ಹೊಸದಲ್ಲ. ಭತ್ತದ ಕಾಂಡಕೊರಕಕ್ಕೆ, ಮೆಣಸಿನಕಾಯಿಯ ಥ್ರಿಪ್ಸ್‌ಗೆ ‘ರೀಜೆಂಟ್’ ಹೆಸರಿನಲ್ಲಿ ನಮ್ಮ ರೈತರು ಬಳಸುವುದು ಇದನ್ನೇ. ನಾಯಿಯ ಉಣ್ಣೆ, ಚಿಗಟ ಸಾಯಲೆಂದು ಬೆನ್ನಿಗೆ ಹಾಕುವ ಹನಿಮದ್ದಿನಲ್ಲೂ ಇದಿದೆ. 2017ರಲ್ಲಿ ನೆದರ್ಲೆಂಡ್ಸ್, ಬೆಲ್ಜಿಯಂನ ಕೋಳಿಮೊಟ್ಟೆಗಳಲ್ಲಿ ಇದು ಸಿಕ್ಕಿ ಯುರೋಪಿನಾದ್ಯಂತ ಲಕ್ಷಾಂತರ ಮೊಟ್ಟೆ ಮಣ್ಣುಪಾಲಾಯಿತು. ಜೇನುನೊಣಕ್ಕಂತೂ ಇದು ಕಡುವಿಷ.

ಹಾಗಾದರೆ ಇಂಥ ವಿಷವನ್ನು ರಾಷ್ಟ್ರೀಯ ಉದ್ಯಾನದೊಳಗೆ ಒಯ್ಯಲು ಹೇಗೆ ಒಪ್ಪಿದರು? ಒಂದು ಲೆಕ್ಕ ನೋಡಿ. ತುತ್ತಿನ ಪೆಟ್ಟಿಗೆಗಳ ಸಾಲುಗಳು 300 ಮೀಟರ್ ದೂರದಲ್ಲಿ, ಸಾಲಿನೊಳಗೆ 50 ಮೀಟರಿಗೊಂದು ಪೆಟ್ಟಿಗೆ ಎಂದರೆ ಒಂದು ಪೆಟ್ಟಿಗೆಯ ಪಾಲಿಗೆ ಒಂದೂವರೆ ಹೆಕ್ಟೇರ್. ಪೆಟ್ಟಿಗೆಗೆ 50 ಗ್ರಾಂ ತುತ್ತು ಎಂದೇ ಹಿಡಿಯೋಣ, ಅದರಲ್ಲಿ ವಿಷ 50 ಮಿಲಿಗ್ರಾಂ. ಅಷ್ಟೇ ಜಾಗದಲ್ಲಿ ಭತ್ತವಿದ್ದು, ಎಕರೆಗೆ 8 ಕಿಲೊದಂತೆ 0.3 ಪ್ರತಿಶತದ ಹರಳು ಎರಚಿದರೆ ಬೀಳುವ ಫಿಪ್ರೊನಿಲ್ ಸುಮಾರು 90 ಗ್ರಾಂ. ಸಾವಿರ ಪಟ್ಟಿಗಿಂತ ಹೆಚ್ಚು ಅಂತರ. ಮೇಲಾಗಿ ಕಾಡಿನದ್ದು ನೆಲಕ್ಕೆ ಬೀಳುವುದಿಲ್ಲ. ಪೆಟ್ಟಿಗೆಯಲ್ಲಿರುತ್ತದೆ, ಉಳಿದದ್ದನ್ನು ಕೆಲವು ದಿನಗಳಲ್ಲಿ ವಾಪಸು ತೆಗೆಯುತ್ತಾರೆ.

ತುತ್ತಿಗೆ ಒಂದು ಚಿಟಿಕೆ ಸಕ್ಕರೆಯನ್ನೂ ಹಾಕುವುದಿಲ್ಲ. ಸಿಹಿ ಇದ್ದರೆ ಜೇನುನೊಣ ಬರುತ್ತದೆ. ಜೇನಿಗೆ ಬೇಕಾದ ಪ್ರೋಟೀನ್ ಪರಾಗದಿಂದ ಸಿಗುತ್ತದೆ, ಮಾಂಸದ ಕಡೆ ಅದು ತಿರುಗಿಯೂ ನೋಡದು. ಹಾಗಾಗಿ ತುತ್ತು ಪೂರ್ತಿ ಪ್ರೋಟೀನ್. ನೆಲ್ಸನ್ ಊರಿನ ರಿಚರ್ಡ್ ಟಾಫ್ಟ್ ಎಂಬ ಕೀಟತಜ್ಞ ವರ್ಷಗಟ್ಟಲೆ ದುಡಿದು, ಅಲ್ಲಿನ ಸಂರಕ್ಷಣಾ ಇಲಾಖೆಯ ಜೊತೆ ಸೇರಿ ಇದನ್ನು ರೂಪಿಸಿದರು. ಹೆಸರು ವೆಸ್ಪೆಕ್ಸ್. 2015ರಲ್ಲಿ ದಕ್ಷಿಣ ದ್ವೀಪದ ಐದು ಕಡೆ ದೊಡ್ಡ ಪ್ರಮಾಣದಲ್ಲಿ ಇಟ್ಟು ನೋಡಿದಾಗ ಕಣಜದ ಓಡಾಟ 95 ಪ್ರತಿಶತಕ್ಕಿಂತ ಹೆಚ್ಚು ಇಳಿಯಿತು.

ಇಡುವ ಹೊತ್ತು? ನಮ್ಮಲ್ಲಿ ಸಂಕ್ರಾಂತಿ ಮುಗಿದ ಮೇಲೆ. ಅಲ್ಲಿ ಆಗ ನಡುಬೇಸಿಗೆ, ಗೂಡಿನ ತುಂಬ ಹಸಿದ ಮರಿಗಳು, ದೊಡ್ಡವು ಮಾಂಸಕ್ಕಾಗಿ ಅಲೆಯುವ ಕಾಲ. ಬೇಗ ಇಟ್ಟರೆ ತುತ್ತು ಒಯ್ಯಲು ಸಾಕಷ್ಟು ಕಣಜಗಳೇ ಇರುವುದಿಲ್ಲ. ತಡವಾದರೆ ಮರಿಗಳು ಕಡಿಮೆಯಾಗಿ ಸಿಹಿಯ ಚಪಲ ಹೆಚ್ಚುತ್ತದೆ, ಅಷ್ಟರಲ್ಲಿ ಹೊಸ ರಾಣಿಗಳೂ ಹಾರಿಹೋಗಿರುತ್ತವೆ.

ಮೊದಲು ವಿಷವಿಲ್ಲದ ಊಟ. ಇಲಿ ಪಾಷಾಣ ಇಡುವ ಮೊದಲು ಒಂದೆರಡು ದಿನ ಬರೀ ಕಾಳು ಇಟ್ಟು ರುಚಿ ಹತ್ತಿಸುವ ಪದ್ಧತಿ ನಮ್ಮಲ್ಲಿದೆ. ಇಲ್ಲಿಯೂ ಮೀನಿನ ಚೂರನ್ನೋ ಬೆಕ್ಕಿನ ಡಬ್ಬಿ ಆಹಾರವನ್ನೋ ಇಟ್ಟು ಗಂಟೆಯೊಳಗೆ ಎಷ್ಟು ಕಣಜ ಬಂದವು ಎಂದು ಎಣಿಸುತ್ತಾರೆ. ಸಾಕಷ್ಟು ಬರದಿದ್ದರೆ ಆ ದಿನ ವಿಷದ ಡಬ್ಬಿ ತೆರೆಯುವುದೇ ಇಲ್ಲ. ಬಳಸುವವರು ಮೊದಲು ಒಂದು ಪರೀಕ್ಷೆ ಪಾಸಾಗಬೇಕು. ನನಗೆ ಇದು ತುಂಬ ಹಿಡಿಸಿತು. ನಮ್ಮಲ್ಲಿ ಗೊಬ್ಬರದಂಗಡಿಯಲ್ಲಿ ಕೈಚಾಚಿದರೆ ಸಿಗುವ ಡಬ್ಬಿಗಳಿಗೂ ಇಂಥದೊಂದು ಪರೀಕ್ಷೆ ಇದ್ದಿದ್ದರೆ ಎಷ್ಟು ಜೀವ ಉಳಿಯುತ್ತಿದ್ದವು!

ತುತ್ತಿನ ಪೆಟ್ಟಿಗೆಯ ಬಣ್ಣ ಹಳದಿ. ಮರಕ್ಕೆ ಎದೆಮಟ್ಟದಲ್ಲಿ ಹೊಡೆದಿರುತ್ತಾರೆ. ಹಕ್ಕಿಯ ಕೊಕ್ಕು ಸಿಗದಂತೆ, ಕಣಜ ಮಾತ್ರ ನುಸುಳುವಂತೆ ಕಿಂಡಿ.

ದೇಶಕ್ಕೊಂದು ಅಡುಗೆ: ನ್ಯೂಜಿಲೆಂಡಿನ ಹಳೆಯ ಪ್ರಯೋಗಗಳಲ್ಲಿ ಡಬ್ಬಿಯ ಸಾರ್ಡೀನ್, ಅಂದರೆ ನಮ್ಮ ಬೂತಾಯಿಯ ಬಂಧು. ಹವಾಯಿಯ ಜ್ವಾಲಾಮುಖಿ ಉದ್ಯಾನದಲ್ಲಿ ಅಮೆರಿಕದ ಪಶ್ಚಿಮದಿಂದ ಬಂದ ಹಳದಿ ಕಣಜಕ್ಕೆ ಡಬ್ಬಿಯ ಕೋಳಿಮಾಂಸ. ಅರ್ಜೆಂಟಿನಾದ ಪಟಗೋನಿಯಾದಲ್ಲಿ ಕೊಚ್ಚಿದ ದನದ ಮಾಂಸ. ಕೊನೆಯ ಎರಡರಲ್ಲೂ ಒಳಗಿನ ಮದ್ದು ಅದೇ ಫಿಪ್ರೊನಿಲ್. ಹಳಸಿದ್ದನ್ನು, ಒಣಗಿದ್ದನ್ನು ಕಣಜ ಎಲ್ಲಿಯೂ ಮುಟ್ಟುವುದಿಲ್ಲ.

ಊಟಕ್ಕೆ ಅಡ್ಡ ಬಂದ ಇರುವೆಯನ್ನು ಕಣಜ ಏನು ಮಾಡುತ್ತದೆ? ವೆಲಿಂಗ್ಟನ್‌ನ ವಿಕ್ಟೋರಿಯಾ ವಿಶ್ವವಿದ್ಯಾಲಯದ ಫಿಲ್ ಲೆಸ್ಟರ್ ಮತ್ತು ಅವರ ಜೊತೆಗಾರರು ಪ್ರೋಟೀನ್ ಆಮಿಷದ ಮುಂದೆ ಕ್ಯಾಮೆರಾ ಇಟ್ಟರು. ಇರುವೆಗಳು ಮುತ್ತಿಕೊಂಡಿದ್ದಾಗ ಕಣಜ ಒಂದು ಇರುವೆಯನ್ನು ದವಡೆಯಲ್ಲಿ ಎತ್ತಿ, ಹಿಂದಕ್ಕೆ ಹಾರಿ, ಸ್ವಲ್ಪ ದೂರದಲ್ಲಿ ಕೆಡವಿ ಬಂತು. ಕೊಲ್ಲಲಿಲ್ಲ, ತಿನ್ನಲಿಲ್ಲ. ಇರುವೆ ಹೆಚ್ಚಿದ್ದಷ್ಟೂ ಇನ್ನೂ ದೂರ ಒಯ್ದು ಹಾಕಿತು. 2011ರಲ್ಲಿ ಇದು ಪ್ರಕಟವಾಯಿತು.

ನಮ್ಮ ಹಿತ್ತಲಿನ ಕಣಜಕ್ಕೂ ಇದನ್ನೇ ಮಾಡಬಹುದೇ? ಬೇಡ, ದಯವಿಟ್ಟು ಬೇಡ. ಸೂರಿನಡಿ ಕಾಗದದ ಗೂಡು ಕಟ್ಟುವ ನಮ್ಮ ಕಣಜಗಳು ಈ ನೆಲದವೇ. ತರಕಾರಿ ತೋಟದ ಕಂಬಳಿಹುಳು ಹೆಕ್ಕುವುದು ಅವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್‌ಕರ್ ಇಂಥದೇ ಒಂದು ಸಣ್ಣ ಕಣಜವನ್ನು, ರೊಪಾಲಿಡಿಯ ಮಾರ್ಜಿನೇಟ ಎಂಬುದನ್ನು, ನಾಲ್ಕು ದಶಕಕ್ಕೂ ಮೀರಿ ಅಭ್ಯಾಸ ಮಾಡಿದವರು. ಅದರ ರಾಣಿ ಎಷ್ಟು ಸಾಧು ಎಂದರೆ ನಡವಳಿಕೆ ನೋಡಿ ಯಾರು ರಾಣಿ ಎಂದು ಹೇಳುವುದೇ ಕಷ್ಟ. ತುಡುವೆ ಪೆಟ್ಟಿಗೆಯ ಬಾಯಲ್ಲಿ ಹೊಂಚುವ ದೊಡ್ಡ ಕಣಜ ಜೇನು ಸಾಕುವವರಿಗೆ ತಲೆನೋವು ನಿಜ. ಆದರೆ ತುಡುವೆಗೂ ತನ್ನದೇ ಉಪಾಯವಿದೆ: ಹತ್ತಾರು ನೊಣಗಳು ಕಣಜವನ್ನು ಮುತ್ತಿ ಉಂಡೆ ಕಟ್ಟಿ, ಮೈ ಅದುರಿಸಿ, ಒಳಗಿನ ಕಾವನ್ನು 45 ಡಿಗ್ರಿಯ ಆಸುಪಾಸಿಗೆ ಏರಿಸಿ ಅದನ್ನು ಬೇಯಿಸಿಬಿಡುತ್ತವೆ.

ಮನೆಯಲ್ಲಿ ಮೀನಿನ ಚೂರಿಗೆ ಹೊಲದ ಔಷಧಿ ಕಲಸಿ ಇಟ್ಟರೆ ಅದನ್ನು ತಿನ್ನುವುದು ಕಣಜ ಒಂದೇ ಅಲ್ಲ. ಕಾಗೆ, ಬೆಕ್ಕು, ಬೀದಿನಾಯಿ, ಕೋಳಿ ಎಲ್ಲವೂ ಬರುತ್ತವೆ. ಬಾಗಿಲ ಮೇಲೆಯೇ ಗೂಡಿದ್ದು ಮಕ್ಕಳಿಗೆ ಅಪಾಯವಿದ್ದರೆ ಬಲ್ಲವರನ್ನು ಕರೆಸಿ ತೆಗೆಸಿ. ಕಣಜ ಕಚ್ಚಿದವರಿಗೆ ಮುಖ ಊದಿ ಉಸಿರು ಕಟ್ಟಿದಂತಾದರೆ ಸುಣ್ಣ, ಅರಿಶಿನ ಎಂದು ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಒಮ್ಮೆ ಇಟ್ಟರೆ ಮುಗಿಯಿತೇ? ಮುಗಿಯುವುದಿಲ್ಲ. ತುತ್ತಿಟ್ಟ ಕಾಡಿನಾಚೆ ತುತ್ತಿಡದ ಕಾಡಿದೆ. ಅಲ್ಲಿಂದ ಹೊಸ ರಾಣಿಗಳು ಹಾರಿ ಬಂದು ವಸಂತದಲ್ಲಿ ಮತ್ತೆ ಗೂಡು ಕಟ್ಟುತ್ತವೆ. 1980ರ ದಶಕದಲ್ಲಿ ಕಣಜದ ಮರಿಗಳ ಮೇಲೆ ಮೊಟ್ಟೆಯಿಡುವ ಪರಾವಲಂಬಿ ಕೀಟವೊಂದನ್ನು ತಂದು ಬಿಟ್ಟು ನೋಡಿದರು. ಅದು ಉಳಿಯಿತು, ಕಣಜವನ್ನು ತಗ್ಗಿಸಲಾರದೆ ಹೋಯಿತು. 2015ರ ಒಂದು ವರದಿ ಕಣಜದಿಂದ ಆ ದೇಶಕ್ಕೆ ವರ್ಷಕ್ಕೆ ಸುಮಾರು 13 ಕೋಟಿ ನ್ಯೂಜಿಲೆಂಡ್ ಡಾಲರ್ ನಷ್ಟ ಎಂದು ಲೆಕ್ಕ ಹಾಕಿದೆ.

ಹಾಗಾಗಿ ಪ್ರತಿ ಜನವರಿ-ಫೆಬ್ರವರಿಯಲ್ಲಿ ನೆಲ್ಸನ್ ಸುತ್ತಲಿನ ಇಲಾಖೆಯವರೂ ಊರವರೂ ಕೈಗವಸು ತೊಟ್ಟು, ತುತ್ತಿನ ಡಬ್ಬಿ ಹಿಡಿದು ಕಾಡಿನ ಸಾಲು ಹಿಡಿಯುತ್ತಾರೆ. 50 ಮೀಟರಿಗೊಂದು ಹಳದಿ ಪೆಟ್ಟಿಗೆ, ಪೆಟ್ಟಿಗೆಗೊಂದು ತುತ್ತು. ಕೆಲವು ದಿನ ಬಿಟ್ಟು ಉಳಿದ ತುತ್ತು ತೆಗೆಯಲು ಹೋದಾಗ ಕಪ್ಪು ತೊಗಟೆಯ ಬಿಳಿ ಎಳೆಗಳ ತುದಿಯಲ್ಲಿ ಹನಿ ಮತ್ತೆ ನಿಂತಿರುತ್ತದೆ.